ಅಮಾನತ್ತಿನ ಕಾವಲು: ಯುವ ಶರೀರ ಮತ್ತು ಥೈರಾಯ್ಡ್ ಕ್ಯಾನ್ಸರ್

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಅವನಿಗೆ ಅತ್ಯಂತ ಸಮೀಪವಾದುದು ಅವನ ಶರೀರ. ಮನೆಯನ್ನು ಅವನು ಮಾರಬಹುದು, ಊರನ್ನು ತೊರೆಯಬಹುದು, ಉಡುಪನ್ನು ಬದಲಿಸಬಹುದು. ಆದರೆ ಶರೀರವನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾರ. ಹೀಗಿದ್ದರೂ ಈ ಶರೀರವನ್ನು ಅವನು ದುಡಿದು ಗಳಿಸಿದ್ದಲ್ಲ, ಬೆಲೆ ಕೊಟ್ಟು ಕೊಂಡದ್ದೂ ಅಲ್ಲ. ಎಷ್ಟು ಕಾಲ ಅದು ತನ್ನ ಬಳಿ ಇರುವುದೆಂಬುದೂ ಅವನಿಗೆ ತಿಳಿದಿಲ್ಲ. ಸೃಷ್ಟಿಕರ್ತನು ಒಪ್ಪಿಸಿದ, ಒಂದು ದಿನ ಲೆಕ್ಕ ಸಮೇತ ಹಿಂದಿರುಗಿಸಬೇಕಾದ ಅಮಾನತ್ತು ಅದು. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ತನ್ನನ್ನು ದಂಡಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರನ್ನು ಪ್ರವಾದಿ(ಸ)ರು ಕರೆದು, ನಿನ್ನ ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ಆರಾಧನೆಯೇ ಆ ಹಕ್ಕನ್ನು ಕಸಿಯಬಾರದು ಎಂದಾದರೆ ನಮ್ಮ ಸೋಮಾರಿತನ ಮತ್ತು ನಾಲಿಗೆಯ ಚಪಲ ಅದನ್ನು ಕಸಿಯಬಹುದೇ?

ಅಮಾನತ್ತು ಎಂದರೇನೆಂದು ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತು. ದುಡಿಮೆಗಾಗಿ ಗಲ್ಫಿಗೆ ಹೊರಟ ನೆರೆಯವನೊಬ್ಬ ಮಗಳ ಮದುವೆಗೆಂದು ಕೂಡಿಟ್ಟ ಚಿನ್ನವನ್ನು ನಮ್ಮ ಕೈಯಲ್ಲಿಟ್ಟು ಹೋದನೆಂದು ಭಾವಿಸೋಣ. ಇಲ್ಲಿ ಮೂರು ವಿಧದ ತಪ್ಪು ಸಂಭವಿಸಬಹುದು. ಆ ಚಿನ್ನವನ್ನು ಜಗಲಿಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ನಿದ್ರಿಸುವುದು ಒಂದು. ಕಳ್ಳನ ಭಯದಿಂದ ರಾತ್ರಿ ಹತ್ತು ಸಲ ಹೊರತೆಗೆದು, ಅಸಲಿಯೋ ನಕಲಿಯೋ ಎಂದು ಒರೆಗಲ್ಲಿಗೆ ಉಜ್ಜಿ ಉಜ್ಜಿ ಸವೆಸುವುದು ಇನ್ನೊಂದು. ಎಚ್ಚರದಿಂದಿದ್ದವನ ಮನೆಯಲ್ಲೂ ಕಳವಾದಾಗ ಅವನ ಬಾಗಿಲಿಗೆ ಹೋಗಿ, 'ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ' ಎಂದು ಚುಚ್ಚುವುದು ಮೂರನೆಯದು. ಉದಾಸೀನ, ಭಯ ಮತ್ತು ದೂಷಣೆ ಎಂಬ ಈ ಮೂರೂ ಶರೀರದ ವಿಷಯದಲ್ಲಿ ನಮ್ಮಿಂದ ಸಂಭವಿಸುತ್ತಿವೆ. ಯುವಜನರಲ್ಲಿ ಕಾಣುವ ಥೈರಾಯ್ಡ್ ಕ್ಯಾನ್ಸರನ್ನು ಮುಂದಿಟ್ಟು ಇದನ್ನು ಪರಿಶೀಲಿಸೋಣ.

ರೋಗ ಮತ್ತು ಅದರ ಹಿನ್ನೆಲೆ

ಥೈರಾಯ್ಡ್ ಎಂಬುದು ಕತ್ತಿನ ಬುಡದಲ್ಲಿ ಚಿಟ್ಟೆಯಾಕಾರದಲ್ಲಿರುವ ಸಣ್ಣ ಗ್ರಂಥಿ. ಶರೀರವು ಆಹಾರವನ್ನು ಎಷ್ಟು ವೇಗವಾಗಿ ಶಕ್ತಿಯಾಗಿ ಮಾರ್ಪಡಿಸಬೇಕು, ಹೃದಯ ಎಷ್ಟು ಚುರುಕಾಗಿ ಬಡಿಯಬೇಕು ಎಂಬುದನ್ನೆಲ್ಲ ಅದರಿಂದ ಒಸರುವ ಹಾರ್ಮೋನು ನಿಯಂತ್ರಿಸುತ್ತದೆ. ಹೆಚ್ಚಿನ ಕ್ಯಾನ್ಸರ್‌ಗಳು ಮುಪ್ಪಿನ ಕಡೆಗೆ ಬಂದರೆ ಈ ಗ್ರಂಥಿಯ ಕ್ಯಾನ್ಸರ್ ಇಪ್ಪತ್ತು, ಮೂವತ್ತರ ಹರೆಯದವರಲ್ಲೂ ಕಾಣಿಸುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಇದರಲ್ಲಿ ಬಹುಪಾಲು 'ಪ್ಯಾಪಿಲ್ಲರಿ' ಎಂಬ ಬಗೆಯದು. ಅದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತದೆ. ವೈದ್ಯರು ಕ್ಯಾನ್ಸರನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರಷ್ಟೆ. 55 ವರ್ಷದೊಳಗಿನವರಲ್ಲಿ ಈ ಬಗೆಯ ಕ್ಯಾನ್ಸರ್ ದೂರದ ಅಂಗಕ್ಕೆ ಹರಡಿದ್ದರೂ ಅದನ್ನು ಎರಡನೆಯ ಹಂತಕ್ಕಿಂತ ಮೇಲೆ ಎಣಿಸುವುದಿಲ್ಲ. ಯುವ ರೋಗಿಗಳು ಗುಣ ಹೊಂದುವ ಭರವಸೆ ಅಷ್ಟು ದೊಡ್ಡದು.

ಈ ರೋಗಕ್ಕೆ ಕಾರಣವೇನು? ಬಾಲ್ಯದಲ್ಲಿ ಕತ್ತಿಗೆ ವಿಕಿರಣ ತಾಗುವುದು ಚೆನ್ನಾಗಿ ಸಾಬೀತಾದ ಒಂದು ಕಾರಣ. 1986ರ ಚೆರ್ನೋಬಿಲ್ ಅಣು ದುರಂತದ ನಂತರ ಅಲ್ಲಿನ ಮಕ್ಕಳಲ್ಲಿ ಇದು ಹೆಚ್ಚಾಯಿತು. ಕೆಲವು ಬಗೆಗಳು ವಂಶದಲ್ಲಿ ಹರಿದು ಬರುತ್ತವೆ. ಇವುಗಳ ಜೊತೆಗೆ ಇತ್ತೀಚೆಗೆ ಬೊಜ್ಜಿನ ಹೆಸರೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಅತಿಯಾದ ಬೊಜ್ಜಿಗೂ 13 ಬಗೆಯ ಕ್ಯಾನ್ಸರ್‌ಗಳಿಗೂ ಸಂಬಂಧವಿರುವುದಕ್ಕೆ ಸಾಕಷ್ಟು ಪುರಾವೆಯಿದೆಯೆಂದು ಪ್ರಕಟಿಸಿತು. ಅವುಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಕೂಡಾ ಒಂದು.

ಬೊಜ್ಜು ಒಂಟಿಯಾಗಿ ಬರುವುದು ಅಪರೂಪ. ಸೊಂಟದ ಸುತ್ತಳತೆ, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು, 'ಒಳ್ಳೆಯ ಕೊಲೆಸ್ಟರಾಲ್' ಎನಿಸಿದ ಎಚ್‌ಡಿಎಲ್ ಎಂಬ ಐದು ಅಳತೆಗಳನ್ನು ವೈದ್ಯರು ನೋಡುತ್ತಾರೆ. ನಮ್ಮ ದೇಶದವರಿಗೆ ಸೊಂಟದ ಮಿತಿ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80. ರಕ್ತದೊತ್ತಡಕ್ಕೆ 130/85, ಬರಿಹೊಟ್ಟೆಯ ಸಕ್ಕರೆಗೆ 100, ಟ್ರೈಗ್ಲಿಸರೈಡಿಗೆ 150. ಎಚ್‌ಡಿಎಲ್ ಮಾತ್ರ ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆಯಾಗಬಾರದು. ಈ ಐದರಲ್ಲಿ ಮೂರು ಕೆಟ್ಟರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಶರೀರದ ಚಯಾಪಚಯ, ಅಂದರೆ ಆಹಾರವನ್ನು ಬಳಸುವ ವ್ಯವಸ್ಥೆ, ಹಳಿ ತಪ್ಪಿದೆಯೆಂದು ಅರ್ಥ. ದಕ್ಷಿಣ ಕೊರಿಯಾದಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳನ್ನಿಟ್ಟುಕೊಂಡು ಯುವಕ ಯುವತಿಯರ ಬಗ್ಗೆ ನಡೆದ ವಿಶಾಲ ಅಧ್ಯಯನಗಳಲ್ಲಿ, ಈ ಅಳತೆಗಳು ಕೆಟ್ಟವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿ ಕಂಡುಬಂದಿದೆ.

ಇದು ಹೇಗಾಗುತ್ತದೆಂಬುದಕ್ಕೆ ವಿಜ್ಞಾನಿಗಳು ಕೆಲವು ದಾರಿಗಳನ್ನು ತೋರಿಸುತ್ತಾರೆ. ಹೊಟ್ಟೆಯ ಸುತ್ತ ಕೊಬ್ಬು ಸೇರಿದಾಗ ಶರೀರ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ನಿಗೆ ಸಕ್ಕರೆಯನ್ನು ಇಳಿಸುವ ಕೆಲಸವಲ್ಲದೆ ಜೀವಕೋಶಗಳನ್ನು ಬೆಳೆಸುವ ಗುಣವೂ ಇದೆ. ಜೊತೆಗೆ ಕೊಬ್ಬಿನ ಅಂಗಾಂಶವು ಶರೀರವನ್ನು ಸದಾ ಸಣ್ಣದೊಂದು ಉರಿಯೂತದಲ್ಲಿ ಇಡುತ್ತದೆ.

ಆದರೆ ಇಲ್ಲಿ ನ್ಯಾಯದ ತಕ್ಕಡಿಯನ್ನು ಕೈಬಿಡಬಾರದು. ಬೊಜ್ಜಿನಿಂದ ಈ ಕ್ಯಾನ್ಸರಿನ ಅಪಾಯ ಏರುವುದು ಅಲ್ಪ ಪ್ರಮಾಣದಲ್ಲಿ. ಸಕ್ಕರೆ, ರಕ್ತದೊತ್ತಡ ಇರುವವರು ಆಸ್ಪತ್ರೆಗೆ ಹೆಚ್ಚು ಸಲ ಹೋಗುವುದರಿಂದ ಅವರ ಕತ್ತಿನ ಗಂಟು ಹೆಚ್ಚಾಗಿ ಕಣ್ಣಿಗೆ ಬೀಳುವ ಸಾಧ್ಯತೆಯೂ ಇದೆ. ತೆಳ್ಳಗಿರುವವರಿಗೂ ಈ ರೋಗ ಬರುತ್ತದೆ, ದಪ್ಪಗಿರುವ ಬಹುಪಾಲು ಜನರಿಗೆ ಬರುವುದಿಲ್ಲ. ಈ ಮಾತು ಮುಂದೆ ದೂಷಣೆಯ ವಿಚಾರ ಬಂದಾಗ ನಮಗೆ ಬೇಕಾಗುತ್ತದೆ.

ಉದಾಸೀನ

2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ನೂರರಲ್ಲಿ 39 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಆದ್ದರಿಂದ ಥೈರಾಯ್ಡಿನ ಪ್ರಶ್ನೆಯನ್ನು ಬದಿಗಿಟ್ಟರೂ ಚಯಾಪಚಯದ ಆರೋಗ್ಯ ಕಾಪಾಡುವುದು ಕರ್ತವ್ಯವಾಗಿಯೇ ಉಳಿಯುತ್ತದೆ. ಹೃದಯ, ಮೂತ್ರಪಿಂಡ, ಕಣ್ಣು, ಕಾಲುಗಳ ರಕ್ಷಣೆಯೂ ಅದರಲ್ಲೇ ಅಡಗಿದೆ.

ಹೊಟ್ಟೆಯ ಮೂರನೇ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ಬಾಯಿಪಾಠ. ಭಾಷಣಗಳಲ್ಲಿ ಕೇಳುತ್ತೇವೆ, ಮಕ್ಕಳಿಗೂ ಕಲಿಸುತ್ತೇವೆ. ಆದರೆ ಅತಿಥಿಯ ತಟ್ಟೆಗೆ ಬೇಡವೆಂದರೂ ಮೂರನೇ ಸಲ ಬಿರಿಯಾನಿ ಬಡಿಸದಿದ್ದರೆ ನಮ್ಮ ಸತ್ಕಾರ ಪೂರ್ಣವಾಗುವುದಿಲ್ಲ. ಉಪವಾಸದ ತಿಂಗಳಲ್ಲಿ ಹಗಲು ಕಲಿತ ಸಂಯಮವನ್ನು ಸಂಜೆಯ ಕರಿದ ತಿಂಡಿ ಮತ್ತು ಶರ್ಬತ್ತಿನ ಮುಂದೆ ಕಳೆದುಕೊಳ್ಳುತ್ತೇವೆ. ರಮಝಾನ್ ಮುಗಿದಾಗ ತೂಕ ಹೆಚ್ಚಿದ್ದರೆ ಉಪವಾಸದ ಒಂದು ಪಾಠವನ್ನು ನಾವು ಓದದೆ ಬಿಟ್ಟೆವೆಂದೇ ತಿಳಿಯಬೇಕು.

ಇಪ್ಪತ್ತರ ಹುಡುಗನಿಗೆ ಸಕ್ಕರೆ ಕಾಣಿಸಿಕೊಂಡಾಗ ನಾವು ಹುಡುಗನನ್ನು ಪ್ರಶ್ನಿಸುತ್ತೇವೆ. ಆದರೆ ಆ ಶರೀರ ರೂಪುಗೊಂಡದ್ದು ಯಾರ ಅಡುಗೆ ಮನೆಯಲ್ಲಿ? ನಿಮ್ಮಲ್ಲಿ ಪ್ರತಿಯೊಬ್ಬನೂ ಪಾಲಕ, ತನ್ನ ಅಧೀನದವರ ಬಗ್ಗೆ ಪ್ರತಿಯೊಬ್ಬನೂ ವಿಚಾರಣೆಗೆ ಒಳಗಾಗುವನು ಎಂದು ಪ್ರವಾದಿ(ಸ)ರು ಎಚ್ಚರಿಸಿರುವರು. ಪ್ರಾಯಕ್ಕೆ ಬರುವವರೆಗೆ ಮಕ್ಕಳ ಶರೀರವೆಂಬ ಅಮಾನತ್ತು ತಂದೆ ತಾಯಿಯ ಕೈಯಲ್ಲಿದೆ. ಮನೆಗೆ ಯಾವ ಎಣ್ಣೆ ಬರುತ್ತದೆ, ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಬೀಳುತ್ತದೆ, ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದನ್ನೆಲ್ಲ ಅವರೇ ನಿರ್ಧರಿಸುತ್ತಾರೆ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಗಂಡುಮಕ್ಕಳು ಸಂಜೆಯಾದರೆ ಮೈದಾನಕ್ಕೆ ಓಡುತ್ತಾರೆ. ಹೆಣ್ಣುಮಕ್ಕಳಿಗೆ ಹನ್ನೆರಡು ತುಂಬಿದ ಬಳಿಕ ಓಡುವುದಿರಲಿ, ವೇಗವಾಗಿ ನಡೆಯಲಿಕ್ಕೂ ಒಂದು ಜಾಗವಿಲ್ಲ. ಶಾಲೆಗೆ ಆಟೋ, ಮನೆಯಲ್ಲಿ ಪುಸ್ತಕ, ಮದುವೆಯ ನಂತರ ಒಲೆ. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರೆಂಬುದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಆ ಸುನ್ನತ್ತಿಗೆ ನಮ್ಮ ಮೊಹಲ್ಲಾಗಳಲ್ಲಿ ಸ್ಥಳವೆಲ್ಲಿದೆ? ಮನೆಯ ಟೆರೇಸಿನಲ್ಲಾಗಲಿ, ಮದ್ರಸದ ಅಂಗಳದಲ್ಲಾಗಲಿ, ಮುಂಜಾನೆಯ ರಸ್ತೆಯಲ್ಲಿ ತಾಯಿ ಮಗಳು ಜೊತೆಯಾಗಿಯಾಗಲಿ ದಿನಕ್ಕೆ ಅರ್ಧ ತಾಸು ನಡೆಯಲು ವ್ಯವಸ್ಥೆ ಮಾಡುವುದು ಕಷ್ಟವೇನಲ್ಲ. ಅದಕ್ಕೆ ಬೇಕಾದುದು ಮನೆಯ ಪುರುಷರ ಮನಸ್ಸು.

ಭಯ

ಉದಾಸೀನದ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಹೊಂಡವಿದೆ. ಅದನ್ನು ಅರಿಯಲು ಮತ್ತೆ ಕೊರಿಯಾದ ಕಡೆಗೆ ನೋಡಬೇಕು.

1999ರಲ್ಲಿ ಆ ದೇಶದ ಸರಕಾರವು ಕೆಲವು ಕ್ಯಾನ್ಸರ್‌ಗಳನ್ನು ಮೊದಲೇ ಪತ್ತೆ ಹಚ್ಚುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಹೇಗೂ ತಪಾಸಣೆಗೆ ಬಂದವರಿಗೆ, ಇನ್ನಷ್ಟು ಹಣ ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡಾ ಮಾಡಿಸಿಕೊಳ್ಳಬಹುದೆಂದು ಆಸ್ಪತ್ರೆಗಳು ಹೇಳತೊಡಗಿದವು. ನೋವಿಲ್ಲ, ಸೂಜಿಯಿಲ್ಲ, ಖರ್ಚು ಅಲ್ಪ. ಯಾರು ಬೇಡವೆನ್ನುತ್ತಾರೆ? ಪರಿಣಾಮವಾಗಿ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದಕ್ಕಿಂತ 15 ಪಟ್ಟು ಹೆಚ್ಚಿತು. ಆ ಒಂದೇ ವರ್ಷ 40 ಸಾವಿರಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿದೆಯೆಂದು ಹೇಳಲಾಯಿತು. ಆದರೆ ಈ ರೋಗದಿಂದ ಸಾಯುವವರ ಸಂಖ್ಯೆ ಮೊದಲಿನಂತೆಯೇ ವರ್ಷಕ್ಕೆ ಮುನ್ನೂರು ನಾನೂರರಷ್ಟೇ ಉಳಿಯಿತು. ಅಷ್ಟೊಂದು ಪತ್ತೆ, ಅಷ್ಟೊಂದು ಶಸ್ತ್ರಚಿಕಿತ್ಸೆ ನಡೆದೂ ಸಾವು ಇಳಿಯಲಿಲ್ಲ!

ಇದರ ಗುಟ್ಟು ಈ ರೋಗದ ಸ್ವಭಾವದಲ್ಲಿದೆ. 1985ರಲ್ಲಿ ಫಿನ್‌ಲೆಂಡಿನ ವೈದ್ಯರು ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ 101 ಮಂದಿಯ ಥೈರಾಯ್ಡನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಸಣ್ಣ ಸಣ್ಣ ಕ್ಯಾನ್ಸರ್ ಗಂಟುಗಳು ಕಂಡವು. ಅಂತಹ ಗಂಟುಗಳಲ್ಲಿ ಬಹುಪಾಲು ಜೀವಮಾನವಿಡೀ ಯಾರಿಗೂ ತೊಂದರೆ ಕೊಡುವುದಿಲ್ಲ. ಕೊರಿಯಾದ ಯಂತ್ರಗಳು ಹುಡುಕಿದ್ದು ಹೆಚ್ಚಾಗಿ ಇವುಗಳನ್ನೇ. ಪತ್ತೆಯಾದ ಬಹುತೇಕ ಎಲ್ಲರಿಗೂ ಶಸ್ತ್ರಚಿಕಿತ್ಸೆಯಾಯಿತು. ಮೂರರಲ್ಲಿ ಎರಡು ಪಾಲು ಜನರ ಇಡೀ ಗ್ರಂಥಿಯನ್ನೇ ತೆಗೆಯಲಾಯಿತು. ಅವರು ಬದುಕಿರುವವರೆಗೆ ದಿನವೂ ಮಾತ್ರೆ ನುಂಗಬೇಕು. ಶಸ್ತ್ರಚಿಕಿತ್ಸೆಗೆ ಒಳಗಾದವರ ವಿಮಾ ದಾಖಲೆಗಳನ್ನು ನೋಡಿದಾಗ ನೂರರಲ್ಲಿ 11 ಮಂದಿಗೆ ಕ್ಯಾಲ್ಸಿಯಮ್ಮನ್ನು ನಿಯಂತ್ರಿಸುವ ಗ್ರಂಥಿಗಳಿಗೆ ಹಾನಿಯಾಗಿತ್ತು. ಇಬ್ಬರ ಸ್ವರತಂತುಗಳಿಗೆ ಪಾರ್ಶ್ವವಾಯು ತಗಲಿತ್ತು. 2014ರಲ್ಲಿ ಆ ದೇಶದ ಕೆಲವು ವೈದ್ಯರೇ ಒಟ್ಟಾಗಿ, ರೋಗಲಕ್ಷಣವಿಲ್ಲದವರಿಗೆ ಈ ತಪಾಸಣೆ ಬೇಡವೆಂದು ಬಹಿರಂಗ ಪತ್ರ ಬರೆದರು. ಅದರ ಮರುವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಸುಮಾರು ಮೂರನೇ ಒಂದರಷ್ಟು ಇಳಿದವು. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಸವೆಸುವುದೆಂದರೆ ಇದೇ.

ಇದು ದೂರದ ದೇಶದ ಕತೆಯೆಂದು ಸುಮ್ಮನಿರುವಂತಿಲ್ಲ. ನಮ್ಮ ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 2005ರಿಂದ 2014ರ ನಡುವೆ ಮಹಿಳೆಯರಲ್ಲಿ ಈ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ ಇಮ್ಮಡಿಯ ಸಮೀಪಕ್ಕೆ ಏರಿತು. ಅದಕ್ಕೂ ಅತಿಯಾದ ತಪಾಸಣೆಯೇ ಮುಖ್ಯ ಕಾರಣವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. 'ಇಡೀ ಶರೀರದ ತಪಾಸಣೆ, ರಿಯಾಯಿತಿ ದರದಲ್ಲಿ' ಎಂಬ ಜಾಹೀರಾತುಗಳು ಇಂದು ನಮ್ಮ ಪಟ್ಟಣಗಳಲ್ಲೂ ಕಾಣುತ್ತವೆ.

ಹಾಗಾದರೆ ತಪಾಸಣೆಯೇ ಬೇಡವೇ? ಎಲ್ಲವನ್ನೂ ಅಲ್ಲಾಹನಿಗೆ ಬಿಟ್ಟು ಕುಳಿತರೆ ಸಾಲದೇ? ಖಂಡಿತ ಸಾಲದು. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ(ಸ)ರು ಚಿಕಿತ್ಸೆ ಪಡೆಯಿರೆಂದೇ ಉತ್ತರಿಸಿದರು. ಮುಪ್ಪಿನ ಹೊರತು ಎಲ್ಲ ರೋಗಕ್ಕೂ ಮದ್ದಿದೆಯೆಂದರು. ಕತ್ತಿನಲ್ಲಿ ಕೈಗೆ ಸಿಗುವ ಗಂಟು, ವಾರಗಟ್ಟಲೆ ಹೋಗದ ದನಿಯ ಒಡಕು, ನುಂಗುವಾಗ ತಡೆ, ಬಾಲ್ಯದಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ, ಹತ್ತಿರದ ಬಂಧುಗಳಲ್ಲಿ ಈ ರೋಗ, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಲು ತಡ ಮಾಡಬಾರದು. ಅಲ್ಲಿ ತಡ ಮಾಡುವುದು ತವಕ್ಕುಲ್ ಅಲ್ಲ, ಮತ್ತೊಂದು ಉದಾಸೀನ. ಗಂಟು ಕ್ಯಾನ್ಸರ್ ಎಂದು ತಿಳಿದ ಮೇಲೂ ಗಾಬರಿಯಾಗಬೇಕಿಲ್ಲ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ 1993ರಿಂದಲೂ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಅಪಾಯದ ಚಿಹ್ನೆಗಳಿಲ್ಲದ ಗಂಟುಗಳನ್ನು ಕೊಯ್ಯದೆ ನಿಯಮಿತವಾಗಿ ಪರೀಕ್ಷಿಸುತ್ತಾ ಬರಲಾಗಿದೆ. ಹತ್ತು ವರ್ಷಗಳಲ್ಲೂ ಅವುಗಳಲ್ಲಿ ಬಹುಪಾಲು ಬೆಳೆಯಲಿಲ್ಲ. ಯುವ ವಯಸ್ಸಿನವರಲ್ಲಿ ಬೆಳೆಯುವ ಸಾಧ್ಯತೆ ವೃದ್ಧರಿಗಿಂತ ಹೆಚ್ಚಾದುದರಿಂದ ಅವರು ತಪ್ಪದೆ ವೈದ್ಯರ ಕಣ್ಣಳತೆಯಲ್ಲಿ ಇರಬೇಕು. ಕೊಯ್ಯಬೇಕೋ ಕಾಯಬೇಕೋ ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗಿದೆ.

ಹ. ಉಮರ್(ರ)ರು ಸಿರಿಯಾಕ್ಕೆ ಹೊರಟಾಗ ಸರ್ಗ್ ಎಂಬಲ್ಲಿ, ಮುಂದೆ ಪ್ಲೇಗ್ ಹರಡಿದೆಯೆಂಬ ಸುದ್ದಿ ತಲುಪಿತು. ಅವರು ಸಂಗಾತಿಗಳೊಂದಿಗೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ)ರು ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂದು ಉತ್ತರಿಸಿದರು. ಒಂದು ಕಡೆ ಹಸುರು, ಇನ್ನೊಂದು ಕಡೆ ಬರಡು ಇರುವ ಕಣಿವೆಯಲ್ಲಿ ಒಂಟೆಯನ್ನು ಎಲ್ಲಿ ಮೇಯಿಸಿದರೂ ವಿಧಿಯಂತೆಯೇ ಅಲ್ಲವೇ ಎಂದರು. ಅವರು ಕಣ್ಣು ಮುಚ್ಚಿ ಮುಂದೆ ನುಗ್ಗಲಿಲ್ಲ, ಗಾಬರಿಯಿಂದ ಚದುರಿ ಓಡಲೂ ಇಲ್ಲ. ತಿಳಿದವರನ್ನು ಕೇಳಿದರು, ತೂಗಿ ನೋಡಿದರು, ನಿರ್ಧರಿಸಿದರು. ವಿಶ್ವಾಸಿಯು ತನ್ನ ರೋಗದ ವಿಷಯದಲ್ಲೂ ಇದೇ ದಾರಿಯಲ್ಲಿ ನಡೆಯಬೇಕು.

ದೂಷಣೆ

ಇನ್ನು ಉಳಿದುದು ಮೂರನೆಯ ತಪ್ಪು. ಬಹುಶಃ ಇದೇ ಅತ್ಯಂತ ನೋವಿನದು. ಯುವತಿಯೊಬ್ಬಳಿಗೆ ಈ ರೋಗವೆಂದು ತಿಳಿದಾಗ ನೋಡಲು ಬರುವವರು ಏನೇನು ಹೇಳುತ್ತಾರೆ? 'ಹೊರಗಿನ ತಿಂಡಿ ಹೆಚ್ಚಾಗಿತ್ತು', 'ಮೈ ಬಂದಾಗಲೇ ಹೇಳಿದ್ದೆ', 'ಏನೋ ತಪ್ಪಿಗೆ ಶಿಕ್ಷೆ ಇರಬೇಕು'. ಬೊಜ್ಜು ಈ ಕ್ಯಾನ್ಸರಿಗೆ ಸಣ್ಣದೊಂದು ಕಾರಣವಾಗಬಹುದೆಂಬುದು ಲಕ್ಷಾಂತರ ಜನರ ಲೆಕ್ಕದಿಂದ ಸಿಕ್ಕಿದ ತಿಳಿವು. ಮುಂದೆ ಮಲಗಿರುವ ಒಬ್ಬಳೇ ಒಬ್ಬಳಿಗೆ ರೋಗ ಏಕೆ ಬಂತೆಂದು ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಹೀಗಿರುವಾಗ ನಾವು ತೀರ್ಪು ನೀಡುವುದು ಯಾವ ಜ್ಞಾನದಿಂದ?

ಪ್ರವಾದಿ ಅಯ್ಯೂಬ್(ಅ)ರಷ್ಟು ದೀರ್ಘ ರೋಗವನ್ನು ಅನುಭವಿಸಿದವರಾರು? ಅದು ಅವರ ಪಾಪದ ಫಲವಾಗಿರಲಿಲ್ಲ. ಪ್ರವಾದಿ ಮುಹಮ್ಮದ್(ಸ)ರು ರೋಗಿಯ ಬಳಿಗೆ ಹೋದಾಗ, ಚಿಂತಿಸಬೇಡ, ಅಲ್ಲಾಹನಿಚ್ಛಿಸಿದರೆ ಇದು ನಿನ್ನನ್ನು ಶುದ್ಧಗೊಳಿಸುವುದು ಎಂಬರ್ಥದ ಮಾತಿನಿಂದ ಸಂತೈಸುತ್ತಿದ್ದರು. ಎಚ್ಚರಿಕೆಯ ಮಾತು ಹೇಳುವ ಸಮಯ ರೋಗಕ್ಕೆ ಮೊದಲು. ರೋಗಿಯ ತಲೆದಿಂಬಿನ ಬಳಿ ಹೇಳಬೇಕಾದುದು ಸಾಂತ್ವನ ಮತ್ತು ಪ್ರಾರ್ಥನೆ.

ದೂಷಣೆಯ ಭಯದಿಂದಲೇ ಕುಟುಂಬಗಳು ರೋಗವನ್ನು ಅಡಗಿಸುತ್ತವೆ. ಮದುವೆಯ ಮಾತು ಬಂದಾಗ ಇದು ನಿಜವಾದ ಧರ್ಮಸಂಕಟ. ಕತ್ತಿನಲ್ಲಿ ಒಂದು ಗೆರೆಯಂತಹ ಕಲೆ, ದಿನಕ್ಕೊಂದು ಮಾತ್ರೆ, ಅಷ್ಟೇ. ಹೇಳಿದರೆ ಸಂಬಂಧ ಮುರಿಯಬಹುದು. ಹೇಳದಿದ್ದರೆ ದಾಂಪತ್ಯದ ತಳಪಾಯದಲ್ಲೇ ಒಂದು ಸುಳ್ಳು. ಮದೀನಾದ ಪೇಟೆಯಲ್ಲಿ ಒದ್ದೆಯಾದ ಧಾನ್ಯವನ್ನು ರಾಶಿಯ ಕೆಳಗೆ ಮರೆಮಾಡಿದವನನ್ನು ಪ್ರವಾದಿ(ಸ)ರು ಕಟುವಾಗಿ ತರಾಟೆಗೆ ತೆಗೆದುಕೊಂಡರು. ಧಾನ್ಯದ ವ್ಯಾಪಾರದಲ್ಲೇ ಸಲ್ಲದ ಮರೆಮಾಚಿಕೆ ಬಾಳಿನ ಒಪ್ಪಂದದಲ್ಲಿ ಹೇಗೆ ಸಲ್ಲುತ್ತದೆ? ಆದ್ದರಿಂದ ವರನಿಗೂ ಅವನ ಮನೆಯ ಹಿರಿಯರಿಗೂ ಸತ್ಯವನ್ನು ಹೇಳಬೇಕು. ಊರಿಗೆಲ್ಲ ಸಾರಬೇಕಾಗಿಲ್ಲ.

ಆದರೆ ಹೆಣ್ಣಿನ ಕಡೆಯವರ ಸತ್ಯದಿಂದಷ್ಟೇ ನ್ಯಾಯ ಪೂರ್ಣವಾಗುವುದಿಲ್ಲ. ಕೇಳುವವನ ನ್ಯಾಯವೂ ಬೇಕು. ಈ ರೋಗ ಅಂಟುವುದಿಲ್ಲ. ಚಿಕಿತ್ಸೆ ಪಡೆದವರಲ್ಲಿ ಬಹುತೇಕರು ಎಲ್ಲರಂತೆ ದುಡಿಯುತ್ತಾರೆ, ವೈದ್ಯರ ಸಲಹೆಯಂತೆ ಕಾದು ಎಲ್ಲರಂತೆ ತಾಯಂದಿರಾಗುತ್ತಾರೆ. ಸತ್ಯ ಹೇಳಿದ ಹುಡುಗಿಯನ್ನು ಅದೇ ಕಾರಣಕ್ಕೆ ತಿರಸ್ಕರಿಸುವ ಸಮಾಜವು ಮುಂದಿನ ಮನೆಯವರಿಗೆ ಸುಳ್ಳು ಹೇಳಲು ಕಲಿಸುತ್ತದೆ. ಆ ಸುಳ್ಳಿನ ಪಾಲು ತಿರಸ್ಕರಿಸಿದವರ ಮೇಲೂ ಬೀಳುವುದೆಂದು ಭಯಪಡಬೇಕು. ಗಂಡಿಗೆ ಇದೇ ರೋಗ ಬಂದಾಗ ಯಾರೂ ಇಷ್ಟು ವಿಚಾರಿಸುವುದಿಲ್ಲ ಎಂಬುದನ್ನೂ ಯೋಚಿಸಬೇಕು.

ಪರಲೋಕದಲ್ಲಿ ಯೌವನವನ್ನು ಯಾವುದರಲ್ಲಿ ಕಳೆದೆಯೆಂದು ವಿಚಾರಿಸಲಾಗುವುದು ಎಂದು ಹದೀಸ್ ತಿಳಿಸುತ್ತದೆ. ಆ ಪ್ರಶ್ನೆಯಲ್ಲಿ ಯೌವನದ ಶರೀರವೂ ಸೇರಿದೆ. ಅಲ್ಲಿ ನಮ್ಮನ್ನು ರೋಗವೇಕೆ ಬಂತೆಂದು ಕೇಳಲಿಕ್ಕಿಲ್ಲ, ಅದು ನಮ್ಮ ಕೈಯಲ್ಲಿರಲಿಲ್ಲ. ತಟ್ಟೆಗೆ ಎಷ್ಟು ಬಡಿಸಿದೆ, ಮಗಳಿಗೆ ನಡೆಯಲು ದಾರಿ ಕೊಟ್ಟೆಯಾ, ಗಂಟು ಕಂಡಾಗ ತಿಳಿದವರನ್ನು ಕೇಳಿದೆಯಾ, ಹಾಸಿಗೆ ಹಿಡಿದವಳ ಬಳಿ ಯಾವ ಮಾತಾಡಿದೆ, ಇವು ನಮ್ಮ ಕೈಯಲ್ಲಿದ್ದವು. ಇವಕ್ಕೆ ಉತ್ತರವನ್ನು ಇಂದಿನ ರಾತ್ರಿಯ ಊಟದಿಂದಲೇ ಸಿದ್ಧಪಡಿಸಬಹುದು. ಒಪ್ಪಿಸಿದ ಅಮಾನತ್ತನ್ನು ಚೆನ್ನಾಗಿ ಕಾಪಾಡುವ, ಇತರರ ಅಮಾನತ್ತಿನ ಬಗ್ಗೆ ಕರುಣೆಯಿಂದ ಮಾತಾಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.